ಪಂಚಗಂಗೆಯ ಮೂರು ಸಿಂಪಿ

ಸಿಂಪಿ ತಿನ್ನುವವರೆಂದರೆ ಜನ ಮೂಗು ಮುರಿಯುತ್ತಾರೆ. ಮುರಿಯಲಿ. ಮಾವಿನಕಾಯಿ ಹೆರೆಯಲು, ಹಾಲಿನ ಗಡಿಗೆಯ ತಳ ಕೆರೆಯಲು, ಕೂಸಿನ ಬಾಯಿಗೆ ಔಷಧ ಹಾಕಲು ಅದರ ಚಿಪ್ಪು ಎಲ್ಲರಿಗೂ ಬೇಕು. ಒಳಗಿದ್ದದ್ದು ಎಲ್ಲಿ ಹೋಯಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅದನ್ನು ನಾವು ತಿಂದೆವು. ನಾವೆಂದರೆ ಗಡಹಿಂಗ್ಲಜದ ಹಿರಣ್ಯಕೇಶಿ ಹೊಳೆಯಲ್ಲಿ ನಾವೆ ನಡೆಸುತ್ತಿದ್ದ ಅಂಬಿಗರ ಮನೆಯವರು.

ಬೇಸಿಗೆಯಲ್ಲಿ ಹೊಳೆ ಸೊರಗಿ ಜನ ನಡೆದೇ ದಾಟುವಾಗ ನಾವೆಗೆ ಕೆಲಸವಿರುತ್ತಿರಲಿಲ್ಲ. ಆಗ ಅವ್ವ ನನ್ನನ್ನು ಕರೆದುಕೊಂಡು ನೀರಿಗೆ ಇಳಿಯುತ್ತಿದ್ದಳು. ಸಿಂಪಿಯನ್ನು ಕಣ್ಣಿನಿಂದ ಹುಡುಕುವುದಲ್ಲ, ಹಿಮ್ಮಡಿಯಿಂದ. ಮರಳು ಮೆತ್ತಗಿರುವಲ್ಲಿ ಕಾಲೂರಿ ಒತ್ತುತ್ತ ಹೋದರೆ ಒಂದು ಕಡೆ ಗಟ್ಟಿಯಾಗಿ ಹತ್ತುತ್ತದೆ. ತೆಗೆದು ಉಗುರಿನಿಂದ ತಟ್ಟಬೇಕು. ಬಾಯಿ ಮುಚ್ಚಿಕೊಂಡರೆ ಜೀವ ಇದೆ. ಬಾಯಿ ತೆರೆದುಕೊಂಡೇ ಇದ್ದರೆ ಎಸೆದುಬಿಡಬೇಕು, ಇಲ್ಲದಿದ್ದರೆ ಗಡಿಗೆಯೆಲ್ಲ ನಾರುತ್ತದೆ. ತಂದದ್ದನ್ನು ಒಂದು ದಿನ ತಿಳಿನೀರಿನಲ್ಲಿ ಬಿಟ್ಟರೆ ಹೊಟ್ಟೆಯ ಮರಳನ್ನು ತಾವೇ ಉಗುಳುತ್ತವೆ. ಕುದಿಸಿ, ತೆರೆದುಕೊಂಡವನ್ನು ಬಿಡಿಸಿ, ಒಳಗಿನ ಕಪ್ಪು ಚೀಲ ಕಿತ್ತು, ಸುಟ್ಟ ಒಣಕೊಬ್ಬರಿ, ಉಳ್ಳಾಗಡ್ಡಿ, ಕೆಂಪು ಖಾರ, ಹುಳಿಗೆ ಎರಡು ಆಮಸೂಲು ಹಾಕಿದರೆ ಆಯಿತು. ಒಂದು ಕುದಿ ಹೆಚ್ಚಾದರೆ ಮಾತ್ರ ಚಪ್ಪಲಿಯ ತೊಗಲು ಅಗಿದಂತೆ. ಮುಂದೆ ಕೊಲ್ಲಾಪುರದ ಬಜಾರಿನಲ್ಲಿ ಕೊಂಕಣದಿಂದ ಬಂದ ಸಮುದ್ರದ ಸಿಂಪಿ ನೋಡಿದ್ದೇನೆ, ಬೀಸಣಿಗೆಯ ಹಾಗೆ ಗೆರೆಗೆರೆ ಇದ್ದದ್ದು, ಭಾರಿ ಚೆಂದ. ನನಗೆ ನಮ್ಮ ಹೊಳೆಯ ಮಸಿ ಬಣ್ಣದ್ದೇ ಸಿಂಪಿ.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಇಚಲಕರಂಜಿಯ ಮಗ್ಗಗಳಿಗೆ ಬಿಡುವಿರಲಿಲ್ಲ. ನನ್ನ ಗಂಡ, ನಮ್ಮ ಮನೆಯವರು, ನಾವೆಯ ಹುಟ್ಟು ಬಿಟ್ಟು ಮಗ್ಗ ಹಿಡಿದರು, ಪಂಚಗಂಗೆಯ ದಂಡೆಯ ಆ ಊರಿಗೆ ಬಂದೆವು. ರಾತ್ರಿ ಪಾಳಿ, ಹಗಲು ನಿದ್ದೆ. ಎದ್ದಾಗಲೂ ಮಗ್ಗದ ಸದ್ದು ಕಿವಿಯಲ್ಲೇ ಇರುತ್ತಿದ್ದುದರಿಂದ ನಾನು ಹೇಳಿದ್ದಕ್ಕೆಲ್ಲ "ಹಾಂ, ಹಾಂ" ಅನ್ನುತ್ತಿದ್ದರು. ಅಂಥ ಗಂಡನ ಜೊತೆ ಜಗಳವಾಡಲೂ ಬರುವುದಿಲ್ಲ. ಅವ್ವ ತೀರಿ ಒಂದು ವರ್ಷವಾಗಿತ್ತು. ಅಪ್ಪ ಅವಳಿಗಿಂತ ಮೊದಲೇ ಹೋಗಿದ್ದ. ತವರು ಎಂದು ಹೇಳಿಕೊಳ್ಳಲು ಬೀಗ ಹಾಕಿದ ಒಂದು ಬಾಗಿಲು. ನನ್ನ ಮೊದಲ ಕೂಸು ಹುಟ್ಟುವಾಗಲೇ ಸತ್ತಿತ್ತು. ದಿನಕ್ಕೆ ಹತ್ತು ಮಾತು ಆಡಿದರೆ ಅದರಲ್ಲಿ ಒಂಬತ್ತು ಗೋಠಾದ, ಅಂದರೆ ಪಕ್ಕದ ಕೊಟ್ಟಿಗೆಯ, ಎಮ್ಮೆಯ ಜೊತೆ.

ಎಮ್ಮೆ ಮನೆಯೊಡತಿಯದು. ಆಕೆ ಅರವತ್ತು ದಾಟಿದ ಜೈನ ವಿಧವೆ, ಮಕ್ಕಳಿಲ್ಲ. ಓಣಿಯೆಲ್ಲ ಆಕೆಯನ್ನು ಆಯಿ ಅನ್ನುತ್ತಿತ್ತು. ಗೋಠಾದ ಬದಿಯ ಕೋಣೆ ನಮಗೆ ಕೊಡುವಾಗ ಒಂದೇ ಕರಾರು ಹಾಕಿದ್ದರು: ಈ ಅಂಗಳದಲ್ಲಿ ಜೀವ ಕೊಲ್ಲಬಾರದು, ಕೊಂದದ್ದನ್ನು ಬೇಯಿಸಬಾರದು. ಒಪ್ಪಿದ್ದೆವು. ಆಯಿಗೆ ಒಂದು ಚಾಳಿ ಇತ್ತು. ಅವರಿಗೆ ತಮ್ಮ ಮನೆಯ ನೀರು ಸೋಸಿದರೆ ಸಾಲದು, ನಮ್ಮ ಗಡಿಗೆಯನ್ನೂ ಸೋಸಬೇಕು. ಎರಡು ಪದರದ ಬಿಳಿ ಬಟ್ಟೆ ಹಿಡಿದು ಮಧ್ಯಾಹ್ನ ನಮ್ಮ ಕೋಣೆಗೆ ಬರುವುದು, ಇದ್ದ ನೀರನ್ನೆಲ್ಲ ಸೋಸುವುದು, ಬಟ್ಟೆಯಲ್ಲಿ ಉಳಿದದ್ದನ್ನು ಒಂದಿಷ್ಟು ನೀರಿನಿಂದ ತೊಳೆದು ಮತ್ತೆ ನೀರು ಸೇದಿದ ಬಾವಿಗೇ ಬಿಡುವುದು. ಯಾವ ನೀರಿನ ಜೀವವೋ ಅದೇ ನೀರಿಗೆ ಹೋಗಬೇಕಂತೆ. ನಾನು ನಗುತ್ತಿದ್ದೆ. ಆದರೆ ಆ ಹೊತ್ತಿಗೆ ಬಾಗಿಲು ಕಾಯುತ್ತಿದ್ದೆ, ಇಡೀ ದಿನದಲ್ಲಿ ನನ್ನ ಜೊತೆ ಕೂತು ಮಾತಾಡುತ್ತಿದ್ದವರು ಅವರೊಬ್ಬರೇ.

ಎರಡನೆಯ ಸಲ ಬಸುರಾಗಿ ಐದನೆಯ ತಿಂಗಳು. ಉಂಡದ್ದು ನಿಲ್ಲುತ್ತಿರಲಿಲ್ಲ. ನಿಲ್ಲುವುದು ಯಾವುದೆಂದು ನನಗೆ ಗೊತ್ತಿತ್ತು, ಅವ್ವನ ಕೈಯ ಸಿಂಪಿಯ ಸಾರು. ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಅದಕ್ಕೇ ತವರಿನವರು ಬುತ್ತಿ ಹೊತ್ತು ಬರುತ್ತಾರೆ. ನನಗೆ ಬರುವವರಿರಲಿಲ್ಲ. ಒಂದು ಕೂಸು ಮಣ್ಣಿಗೆ ಕೊಟ್ಟವಳಿಗೆ ಇಂಥ ಮಾತು ಸುಳ್ಳೆಂದು ಹೇಳಿದರೂ ತಲೆಗೆ ಹತ್ತುವುದಿಲ್ಲ.

ಮನೆಯವರಿಗೆ ಹೇಳಿದೆ. "ಹುಚ್ಚಿ, ಆಯಿಗೆ ಗೊತ್ತಾದರ ಗಂಟುಮೂಟಿ ಕಟ್ಟಬೇಕಾಕೈತಿ," ಎಂದು ಮಗ್ಗುಲಾದರು.

ನಾನೇ ಹೋದೆ. ಬೆಳಿಗ್ಗೆ ಪಂಚಗಂಗೆಯಲ್ಲಿ ಬಟ್ಟೆ ಒಗೆಯುವಾಗ ಮರಳಿನಲ್ಲಿ ಹಿಮ್ಮಡಿ ಊರಿದೆ. ಗಡಹಿಂಗ್ಲಜದ ಹೊಳೆಯಲ್ಲ, ಆದರೂ ಕಾಲಿಗೆ ನೆನಪಿತ್ತು. ಎರಡು ಹಿಡಿಯಷ್ಟು ಸಿಕ್ಕವು. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು, ಮರಳು ಉಗುಳಲೆಂದು ಗಡಿಗೆಯ ನೀರಿನಲ್ಲಿ ಬಿಟ್ಟು, ಮೇಲೆ ಮುಚ್ಚಳ ಇಟ್ಟೆ. ಮರುದಿನ ಹೊಳೆದಂಡೆಗೇ ಒಯ್ದು ಬೇಯಿಸಿದರಾಯಿತು, ಕರಾರು ಅಂಗಳದ್ದು, ಹೊಳೆಯದ್ದಲ್ಲ ಎಂದು ನನ್ನಷ್ಟಕ್ಕೆ ವಕೀಲಿಕೆ ಮಾಡಿಕೊಂಡೆ. ಬಟ್ಟೆ ಒಣಹಾಕಲು ಹಿತ್ತಿಲಿಗೆ ಹೋದೆ. ಅಂದು ಆಯಿ ಮಧ್ಯಾಹ್ನಕ್ಕೂ ಮೊದಲೇ ಬಂದರು.

ಬಟ್ಟೆ ಕಟ್ಟಿ ಗಡಿಗೆ ಬಗ್ಗಿಸಿದ್ದಾರೆ. ಸಿಂಪಿಗಳು ಗಡಗಡ ಬಟ್ಟೆಯ ಮೇಲೆ ಬಿದ್ದಿವೆ. ನಾನು ಒಳಗೆ ಬಂದಾಗ ಆಯಿ ನೆಲದ ಮೇಲೆ ಕೂತು ಒಂದನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದರು. ಅದು ನಿಧಾನಕ್ಕೆ ಬಾಯಿ ತೆರೆದು ಬಿಳಿಯ ನಾಲಗೆಯಂಥದ್ದನ್ನು ಹೊರಗೆ ಚಾಚಿತು.

"ಅಯ್ಯ ಅವ್ವಾ! ಇದರಾಗ ಜೀವಾ ಇರತೈತಿ?" ಅಂದರು. "ನಾ ಹುಟ್ಟಿದಾಗಿಂದ ಇದರ ಚಿಪ್ಪಿಲೆ ಮಾವಿನಕಾಯಿ ಹೆರದೇನಿ."

ಯಾಕೆ ತಂದೆ ಎಂದು ಅವರು ಕೇಳಲಿಲ್ಲ. ನನ್ನ ಹೊಟ್ಟೆಯ ಕಡೆ ನೋಡಿದರು, ತಿಳಿಯಿತು.

"ಎಲ್ಲಿ ಹಿಡದಿ?"

"ಘಾಟಿನ ಕೆಳಗರಿ."

"ನಡಿ, ಅಲ್ಲೇ ಬಿಟ್ಟ ಬರೂಣು."

ಆ ಬಿಸಿಲಿನಲ್ಲಿ, ಆ ವಯಸ್ಸಿನಲ್ಲಿ, ಗಡಿಗೆ ತಾವೇ ಹೊತ್ತು ನಡೆದರು. ಹಿಡಿದ ಜಾಗವನ್ನೇ ತೋರಿಸಲು ಹೇಳಿ, ನೀರಿಗೆ ಇಳಿದು, ಕೂಸನ್ನು ತೊಟ್ಟಿಲಿಗೆ ಹಾಕುವಂತೆ ಒಂದೊಂದನ್ನೇ ಮರಳಿಗೆ ಇಟ್ಟರು. ನಾನು ಗಡಿಗೆಯಿಂದ ತೆಗೆದುಕೊಡುತ್ತಿದ್ದೆ. ಅವರು ಬಗ್ಗಿದ್ದಾಗ ಮೂರನ್ನು ಸೆರಗಿನ ಗಂಟಿಗೆ ಹಾಕಿಕೊಂಡೆ.

"ಎಲ್ಲಾ ಆದುವಾ?"

"ಹೌದ್ರಿ ಆಯಿ. ಎಲ್ಲಾ."

ಆಯಿ ಒದ್ದೆ ಕೈಯಿಂದ ನನ್ನ ಗಲ್ಲ ಹಿಡಿದರು. "ಹೊಟ್ಟ್ಯಾಗ ಕೂಸ ಇದ್ದಾಗ ಬಯಕಿ ಬಿಡೂದು ಸಣ್ಣ ಮಾತಲ್ಲ. ನೀ ಬಿಟ್ಟಿ. ನಿನಗ ತವರಮನಿ ಇಲ್ಲ, ನನಗ ಮಕ್ಕಳಿಲ್ಲ. ಇವತ್ತಿಂದ ನೀ ನನ್ನ ಮಗಳ. ಏನ್ ಬೇಕ ಕೇಳ, ನಾ ಮಾಡಿ ಹಾಕತೇನಿ."

ಮಧ್ಯಾಹ್ನದ ಅಡಿಗೆ ಇನ್ನೂ ಆಗಬೇಕೆಂದು ಆಯಿ ಮುಂದೆ ಹೋದರು. ಒಣಹಾಕಿದ್ದು ಬಿಟ್ಟು ಇನ್ನೂ ಎರಡು ಸೀರೆ ಇಲ್ಲೇ ಉಳಿದಿವೆ ಎಂದು ಸುಳ್ಳು ಹೇಳಿ ನಾನು ಹಿಂದೆ ನಿಂತೆ. ಅಗಸರು ಬಟ್ಟೆ ಕುದಿಸಿ ಬಿಟ್ಟುಹೋದ ಒಲೆಯಲ್ಲಿ ಕೆಂಡ ಇತ್ತು. ಮೂರನ್ನೂ ಅದರ ಮೇಲಿಟ್ಟೆ. ಸುಂಯ್ ಎಂದು ನೀರು ಬಿಟ್ಟು ಬಾಯಿ ತೆರೆದವು. ಉಪ್ಪಿಲ್ಲ, ಖಾರವಿಲ್ಲ, ಕಪ್ಪು ಚೀಲವನ್ನೂ ಕೀಳದೆ ತಿಂದೆ. ಹಲ್ಲಿನಲ್ಲಿ ಮರಳು ಕರಕರ ಅಂದಿತು. ಆದರೂ ಅದು ಹೊಟ್ಟೆಯಲ್ಲಿ ನಿಂತಿತು. ಎಷ್ಟೋ ದಿನದ ಮೇಲೆ ಅವ್ವನ ಬದಿಯಲ್ಲಿ ಕೂತ ಹಾಗಾಯಿತು, ಅಳು ಬಂತು. ಚಿಪ್ಪುಗಳನ್ನು ದೂರಕ್ಕೆ ಎಸೆದು ಬಾಯಿ ಮುಕ್ಕಳಿಸಿ ಮನೆಗೆ ಬಂದೆ.

ಆಯಿ ಮಾತಿಗೆ ತಪ್ಪುವವರಲ್ಲ. ಓಣಿಯ ಹೆಂಗಸರನ್ನು ಕರೆದು ಬಯಕೆಯೂಟ ಮಾಡಿದರು. ಹಸಿರು ಬಳೆ ತೊಡಿಸಿದರು, ಹೂರಣದ ಕಡಬು ಮಾಡಿದರು, ತುಪ್ಪ ಸುರಿದರು. ಬಂದವರಿಗೆಲ್ಲ ಹೊಳೆಯ ಕತೆ ಹೇಳಿದರು: "ನಮ್ಮಾಕಿ ಜೀವದ ಸಲುವಾಗಿ ಬಾಯಿ ಕಟ್ಟಿದಾಕಿ." ಹೆಂಗಸರು ನನ್ನನ್ನು ಕಣ್ಣರಳಿಸಿ ನೋಡುವರು. ಮೊದಲು ನನ್ನ ಜೊತೆ ಯಾರೂ ಇಲ್ಲವೆಂದು ಬೇಸರವಿತ್ತು. ಈಗ ಎಲ್ಲರೂ ಇದ್ದರು, ಅವರು ಮೆಚ್ಚಿಕೊಂಡ ಹೆಂಗಸು ಮಾತ್ರ ನಾನಾಗಿರಲಿಲ್ಲ. ಇದು ಮೊದಲಿನದಕ್ಕಿಂತ ಕೆಟ್ಟ ಒಂಟಿತನ. ಹೇಳಿಬಿಡೋಣವೆಂದು ದಿನವೂ ಅಂದುಕೊಂಡೆ. ಆಯಿ "ಮಗಳ" ಎಂದು ಬಾಗಿಲಿಗೆ ಬಂದರೆ ಬಾಯಿ ಕಟ್ಟುತ್ತಿತ್ತು.

ಮಳೆಗಾಲದಲ್ಲಿ ಹೆಣ್ಣು ಕೂಸು ಹುಟ್ಟಿತು, ಅತ್ತಿತು, ಬದುಕಿತು. ಬಾಣಂತನವನ್ನೂ ಆಯಿಯೇ ಮಾಡಿದರು. ಇಪ್ಪತ್ತು ದಿನವಾಗಿತ್ತು, ಕೂಸಿನ ಎಡಗಿವಿ ಸೋರತೊಡಗಿತು. ಆಯಿ ಹತ್ತಿಯಿಂದ ಒರೆಸುತ್ತಿದ್ದರು. ಅವರ ಮುಖ ಸಣ್ಣದಾಯಿತು.

ಜೈನರ ಹತ್ತು ದಿನದ ಪರ್ವ ಮುಗಿದ ಮೇಲೆ ಒಬ್ಬರ ಮನೆಗೆ ಒಬ್ಬರು ಹೋಗಿ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕೈಮುಗಿದು ಕ್ಷಮೆ ಕೇಳುವ ದಿನವೊಂದಿದೆ. ಅಂದು ಆಯಿ ಓಣಿಯೆಲ್ಲ ಮುಗಿಸಿ ಕೊನೆಗೆ ನನ್ನ ಕೋಣೆಗೆ ಬಂದು ನೆಲದ ಮೇಲೆ ಕೂತರು.

"ಎಲ್ಲಾರ ಮುಂದ ತಿಳದೋ ತಿಳಿಯದೋ ಅಂದ ಬಂದೇನಿ. ನಿನ್ನ ಮುಂದ ಹಂಗ ಅನ್ನಾಕ ಬರಂಗಿಲ್ಲ. ನಾ ತಿಳದ ಮಾಡೇನಿ. ಬಸರ ಹೆಂಗಸಿನ ಬಯಕಿ ಕಸಗೊಂಡೆ, ಅದಕ್ಕ ಈ ಕೂಸಿನ ಕಿವಿ ಸೋರಾಕತ್ತೈತಿ. ಕ್ಷಮಾ ಮಾಡ ಮಗಳ."

ಕೈ ಮುಗಿದಿದ್ದರು. ಆ ಕೈಗಳನ್ನು ನಾನು ನೋಡಲಾರದೆ ಹೋದೆ. ಸುಮ್ಮನಿದ್ದರೆ ಮಗಳಾಗಿ ಉಳಿಯುತ್ತಿದ್ದೆ, ಆದರೆ ಆಕೆ ಮಾಡದ ಪಾಪ ಹೊತ್ತು ಸಾಯುತ್ತಿದ್ದರು.

"ನಿಮ್ಮ ತಪ್ಪಿಲ್ಲರಿ ಆಯಿ. ನನ್ನ ಬಯಕಿ ತೀರೇತ್ರಿ. ಮೂರು ಮುಚ್ಚಿಟ್ಟಿದ್ನಿ. ಸುಟ್ಟು ತಿಂದೇನ್ರಿ."

"ಯಾವಾಗ?"

"ಅವತ್ತರಿ. ನೀವು ಮನಿಗೆ ಹೋದಮ್ಯಾಲ."

"ನಾ ಮಗಳ ಅಂದಮ್ಯಾಲ?"

"ಹೌದ್ರಿ."

ಬೈದಿದ್ದರೆ ಚೆನ್ನಾಗಿತ್ತು. ಕೂಸಿನ ಕಿವಿಯನ್ನು ಮತ್ತೊಮ್ಮೆ ಹತ್ತಿಯಿಂದ ಒರೆಸಿದರು. "ಕ್ಷಮಾ ಮಾಡೇನಿ," ಅಂದರು, ಮಾಡಿಯೂ ಇದ್ದರು, ಅದರಲ್ಲಿ ನನಗೆ ಸಂಶಯವಿಲ್ಲ. ಎದ್ದು ಹೋಗುವಾಗ ಹೊಸ್ತಿಲಲ್ಲಿ ನಿಂತು ಹೇಳಿದರು: "ಮೂರು ಜೀವಾ ನನ್ನ ಕೈಯಾಗ ಬಂದ ಹ್ವಾದೂ. ನಾಳಿಯಿಂದ ಮೂರ ದಿನ ನಂದ ಉಪಾಸ. ನೀ ಮಾತ್ರ ಉಣ್ಣಬೇಕ, ಕೂಸಿಗಿ ಹಾಲ ಬೇಕ."

ಉಂಡೆ. ಅವರ ಒಲೆ ಹೊತ್ತದೆ ಇದ್ದ ಆ ಮೂರು ದಿನ, ಗೋಡೆಯ ಈಚೆ ಕೂತು ರೊಟ್ಟಿ ಮುರಿದು ಮುರಿದು ನುಂಗಿದೆ. ಮಗಳು ಎದೆಗೆ ಬಾಯಿ ಹಚ್ಚಿದಾಗೆಲ್ಲ ಮತ್ತೆ ಉಣ್ಣಬೇಕಾಗುತ್ತಿತ್ತು. ಉಪವಾಸ ಮಾಡುವುದು ಇದಕ್ಕಿಂತ ಸುಲಭವಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಆಯಿ ನೀರು ಕುಡಿದರು. ಕೂಸನ್ನು ಎತ್ತಿಕೊಂಡು ಹೋಗಿ ಅವರ ಮುಂದೆ ಕೂತೆ. ಕೈಚಾಚಿ ತೆಗೆದುಕೊಂಡರು, ಕಿವಿ ನೋಡಿದರು. ಒಣಗಿತ್ತು. "ಆರಾಮ ಆತು," ಎಂದು ಕೂಸಿನ ಕೆನ್ನೆ ತಟ್ಟಿದರು. ಆಮೇಲೆ ನನ್ನ ಹೆಸರು ಹಿಡಿದು ಕರೆದು, ಕೂಸನ್ನು ತಿರುಗಿ ಕೊಟ್ಟರು. ಆ ಮನೆಯಲ್ಲಿ ಇನ್ನೂ ನಾಲ್ಕು ವರ್ಷ ಇದ್ದೆವು. ಒಂದು ದಿನವೂ ಕೆಟ್ಟದಾಗಿ ಮಾತಾಡಲಿಲ್ಲ, ಯಾವಾಗಲೂ ಹೆಸರು ಹಿಡಿದೇ ಕರೆದರು.