ಮೂರನೇ ಕಿಟಕಿಯ ಮೇಜಿನ ಕೆಳಗಿನ ಒಲೆ

ವಿದ್ಯಾರ್ಥಿಗಳ ಕ್ಷೇಮದ ಬಗ್ಗೆ ಭಾಷಣ ಮಾಡಿದವರು ಬಹಳ ಮಂದಿ, ವರದಿ ಬರೆದವರೂ ಇದ್ದಾರೆ. ಆದರೆ ಓದುವ ಮಕ್ಕಳ ಹಸಿವನ್ನು ಮುಖ ನೋಡಿಯೇ ಅಳೆಯಬಲ್ಲವರು ಎಂದರೆ ನಮ್ಮ ಕಾಲೇಜಿನ ಮೂರನೇ ಕಿಟಕಿಯ ಗುಮಾಸ್ತೆ, ಎಲ್ಲರ ಬಾಯಲ್ಲೂ ‘ಕಿಟಕಿ ಅಕ್ಕ’ ಆಗಿರುವ ಹಿರಿಯರು ಒಬ್ಬರೇ. ಮೂವತ್ತೊಂದು ವರ್ಷದ ಸೇವೆ ಮುಗಿಸಿ ಅವರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ.

ಅವರು ಸೇರಿದ್ದು ಟೈಪಿಸ್ಟಾಗಿ. ಬಡ ವಿದ್ಯಾರ್ಥಿಗಳ ಪಡಿತರ ಕಾರ್ಡಿನ ಅರ್ಜಿಗಳನ್ನು ಪರಿಶೀಲಿಸಿ ಸಹಿ ಹಾಕುವ ಆ ಕಿಟಕಿಗೆ ಅವರನ್ನು ಕೂರಿಸಿದ್ದು, ಅಲ್ಲಿ ಕೂರಲು ಬೇರೆ ಯಾರೂ ಒಪ್ಪದ್ದರಿಂದ. ಊಟ ಆಯಿತೇ ಎಂದು ಅವರು ಯಾವ ಮಗುವನ್ನೂ ಕೇಳಿದವರಲ್ಲ. ಕೇಳಿದರೆ ಆಯಿತೆಂದೇ ಹೇಳುತ್ತಾರೆಂದು ಬಲ್ಲರು. ಬೆಳಿಗ್ಗೆ ಏನು ತಿಂದೆ ಎಂದು ಅರ್ಜಿಯ ಮೇಲೆ ಕಣ್ಣಿಟ್ಟುಕೊಂಡೇ ಕೇಳುತ್ತಿದ್ದರು. ಉತ್ತರ ಕೊಂಚ ತಡವಾದರೆ ಸಾಕು, ಅವರ ಊಟದ ಡಬ್ಬಿಯ ಮುಚ್ಚಳ ತೆರೆಯುತ್ತಿತ್ತು. ಮಧ್ಯಾಹ್ನ ಎಲ್ಲರೂ ಉಣ್ಣಲು ಹೋದ ಹೊತ್ತಿನಲ್ಲಿ ನಲ್ಲಿಯ ಪಕ್ಕ ನಿಂತು ಹಳೇ ನೋಟೀಸನ್ನೇ ಮತ್ತೆ ಮತ್ತೆ ಓದುತ್ತಿದ್ದವರನ್ನು, ಫೈಲು ಎತ್ತಿಡಬೇಕು ಬಾ ಎಂದು ಸುಳ್ಳು ಹೇಳಿ ಒಳಗೆ ಕರೆದು ಉಣಿಸಿದ್ದಕ್ಕೆ ಲೆಕ್ಕವಿಲ್ಲ.

ಹನ್ನೊಂದು ವರ್ಷದ ಹಿಂದೆ, ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ನಾಲ್ವರು ಹುಡುಗಿಯರು ಬಾಡಿಗೆಗಿದ್ದರು. ನಾಲ್ವರಿಗೂ ಬೇರೆ ಬೇರೆ ಕಾರ್ಡು, ಬೇರೆ ಬೇರೆ ಒಲೆ. ಒಂದು ಉರಿದರೆ ಇನ್ನೊಂದು ಕೈಕೊಡುತ್ತಿತ್ತು. ಅದನ್ನು ಕಂಡು ಅಕ್ಕ ತಮ್ಮ ಮನೆಯ ಜೋಡಿ ಒಲೆಯನ್ನು ತಾವೇ ಹೊತ್ತು ಮೆಟ್ಟಿಲು ಹತ್ತಿಸಿ ಕೊಟ್ಟುಬಂದರು. ನಾಲ್ಕು ಪಾತ್ರೆ ಯಾಕ್ರಮ್ಮಾ, ಒಟ್ಟಿಗೆ ಬೇಯಿಸ್ಕೊಂಡು ಒಟ್ಟಿಗೆ ಉಣ್ಣಿ ಎಂದರು.

ಒಂದೇ ಒಲೆಯಲ್ಲಿ ಬೇಯಿಸಿಕೊಳ್ಳುವವರೆಲ್ಲ ಒಂದೇ ಕುಟುಂಬ ಎಂಬ ನಿಯಮ ಆಗ ಇತ್ತು. ಅದನ್ನು ಟೈಪು ಮಾಡಿ ಗೋಡೆಗೆ ಅಂಟಿಸಿದವರೂ ಅಕ್ಕನವರೇ. ಒಲೆ ಹೊರುವಾಗ ಅದು ನೆನಪಿಗೆ ಬರಲಿಲ್ಲ. ಮುಂದಿನ ತಿಂಗಳು ತಪಾಸಣೆಗೆ ಬಂದ ಅಧಿಕಾರಿ ಒಂದೇ ಒಲೆ ಕಂಡರು. ನಾಲ್ವರೂ ಸಂಜೆ ಅಂಗಡಿಗಳಲ್ಲಿ ದುಡಿದು ತರುತ್ತಿದ್ದ ಕೂಲಿಯನ್ನು ಒಟ್ಟು ಮಾಡಿ, ಕುಟುಂಬದ ಆದಾಯ ಮಿತಿ ಮೀರಿತೆಂದು ನಾಲ್ಕೂ ಕಾರ್ಡು ರದ್ದು ಮಾಡಿದರು.

ಅಕ್ಕ ಆ ಅಧಿಕಾರಿಯ ಕಚೇರಿಗೆ ಓಡಿದರು. ಆ ಹುಡುಗಿಯರೇನು ಅಕ್ಕತಂಗಿಯರಲ್ಲ, ಒಬ್ಬೊಬ್ಬರದು ಒಂದೊಂದು ಊರು ಎಂದು ಕೈಮುಗಿದರು.

“ಒಲೆಗೆ ಅದೆಲ್ಲ ಗೊತ್ತಾಗುತ್ತಾ ಮೇಡಂ? ಕೊಟ್ಟೋರು ನೀವೇ ಅಂತಲ್ಲ,” ಎಂದು ಅಧಿಕಾರಿ ನಕ್ಕರು.

ಮೂವರು ಹೇಗೋ ಹಲ್ಲುಕಚ್ಚಿ ಓದು ಮುಗಿಸಿದರು. ನಾಲ್ಕನೆಯವಳು, ತರಗತಿಗೇ ಮೊದಲ ಸ್ಥಾನ ಪಡೆಯುತ್ತಿದ್ದವಳು, ಪರೀಕ್ಷೆಗೆ ಆರು ವಾರ ಇರುವಾಗ ಓದು ಬಿಟ್ಟಳು. ಊರಿಗೆ ಹೊರಡುವ ದಿನ ಒಲೆಯನ್ನು ಉಜ್ಜಿ ಫಳಫಳ ಮಾಡಿ ಕಿಟಕಿಗೆ ತಂದಳು.

“ತಗೊಳ್ಳಿ ಅಕ್ಕಾ. ಚೆನ್ನಾಗಿ ಉರೀತಿತ್ತು.”

ಅವಳು ಬೈದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದರೇನೋ. ಒಲೆ ಮನೆಗೆ ಹೋಗಲಿಲ್ಲ. ಅವರ ಮೇಜಿನ ಕೆಳಗೇ ಉಳಿಯಿತು. ಯಾವ ಸಮಿತಿ ಬಂದರೂ, ಯಾವ ಸಾಹೇಬರು ಬಂದರೂ, ಅಕ್ಕ ಅದನ್ನು ಎತ್ತಿ ಮೇಜಿನ ಮೇಲಿಟ್ಟು, ಓದುವ ಮಕ್ಕಳನ್ನು ಒಬ್ಬೊಬ್ಬರನ್ನಾಗಿಯೇ ಎಣಿಸಬೇಕೆಂದು ಬರೆದ ಮನವಿಯನ್ನು ಅದರ ಮೇಲಿಡುತ್ತಿದ್ದರು. ಒಲೆ ಮೇಡಂ ಒಲೆ ತೆಗೆದರು, ಟೀ ಇಡ್ತಾರೆ ಎಂದು ಸಾಹೇಬರು ನಗುತ್ತಿದ್ದರು. ಅವರು ನಕ್ಕರೆಂದು ಸಹೋದ್ಯೋಗಿಗಳಾದ ನಾವೂ ನಗುತ್ತಿದ್ದೆವು. ಅಕ್ಕನವರ ಅಭಿನಂದನೆಯ ಈ ಪುಸ್ತಕದಲ್ಲಿ ಇದನ್ನು ಮುಚ್ಚಿಡುವುದು ಸರಿಯಲ್ಲ.

ಈ ವರ್ಷ ಆದೇಶ ಬಂತು. ಕಾಲೇಜಿನಲ್ಲಿ ಓದುವ ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ಎಣಿಸತಕ್ಕದ್ದು, ಒಲೆ ಯಾರದಾದರೂ ಸರಿ. ಇಲಾಖೆಯವರು ಅದನ್ನು ತಮ್ಮ ಸಾಧನೆಯೆಂದು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿದರು. ಅಕ್ಕನವರ ಹೆಸರು ಅದರಲ್ಲಿಲ್ಲ. ಅದೇ ವಾರ ಇನ್ನೊಂದು ಕಾಗದವೂ ಬಂತು: ಮೂರನೇ ಕಿಟಕಿಯ ಹುದ್ದೆ, ಈಗಿರುವವರು ನಿವೃತ್ತರಾದೊಡನೆ, ರದ್ದು. ಆದರೆ ಪ್ರತ್ಯೇಕ ಎಣಿಕೆಯ ಆ ಆದೇಶದ ಪ್ರಕಾರವೇ ಅರ್ಜಿಗೆ ಸಹಿ ಬೀಳಬೇಕಾದ್ದು ಅದೇ ಕಿಟಕಿಯಲ್ಲಿ.

ಈಗ ಅರ್ಜಿಗಳ ರಾಶಿ ಕಿಟಕಿಯ ಸರಳು ಮುಟ್ಟಿದೆ. ಅಕ್ಕ ಊಟಕ್ಕೂ ಏಳದೆ ಸಹಿ ಹಾಕುತ್ತಿದ್ದಾರೆ. ನಿವೃತ್ತಿಯ ನಂತರವೂ ಸಂಬಳವಿಲ್ಲದೆ ಬಂದು ಕೂರುತ್ತೇನೆಂದು ಬರೆದುಕೊಟ್ಟರು. ಹೊರಗಿನವರ ಸಹಿ ನಡೆಯುವುದಿಲ್ಲವೆಂಬ ಉತ್ತರ ಮರುದಿನವೇ ಬಂತು. ಹನ್ನೊಂದು ವರ್ಷದಲ್ಲಿ ಇಷ್ಟು ಬೇಗ ಅವರಿಗೆ ಯಾವ ಉತ್ತರವೂ ಬಂದಿರಲಿಲ್ಲ. ಉಡುಗೊರೆ ಏನು ಬೇಕೆಂದು ನಾವು ಕೇಳಿದಾಗ, ಆ ಕುರ್ಚಿಗೆ ಒಬ್ಬರನ್ನು ಕೊಡಿಸಿ ಎಂದರು. ಎಲ್ಲರೂ ಸಹಿ ಹಾಕಿ ಮನವಿ ಕಳಿಸಿದ್ದೇವೆ. ಈ ಪುಟ ಅಚ್ಚಿಗೆ ಹೋಗುವವರೆಗೂ ಉತ್ತರವಿಲ್ಲ.

ಅಕ್ಕನವರು ನೂರು ವರ್ಷ ಗಟ್ಟಿಯಾಗಿ ಬಾಳಲಿ; ಆ ಕಿಟಕಿ ಮತ್ತೆ ತೆರೆಯುವುದನ್ನು ಕಣ್ಣಾರೆ ಕಾಣಲಿ; ಅಲ್ಲಿಯವರೆಗೆ ಅವರ ಮನವಿ ಬರೆಯುವ ಕೈ ಸೋಲದಿರಲಿ. ಮೊನ್ನೆ ಮೇಜು ಖಾಲಿ ಮಾಡುವಾಗ, ಒಲೆಯನ್ನಾದರೂ ಮನೆಗೆ ಒಯ್ಯಿರಿ ಎಂದೆವು. ಅವರು ಅದನ್ನು ಕಾಲಿನಿಂದ ಕುರ್ಚಿಯ ಕಡೆಗೆ ಇನ್ನಷ್ಟು ಸರಿಸಿದರು.

“ಇಲ್ಲೇ ಇರ್ಲಿ. ನಾಳೆ ಯಾರಾದ್ರೂ ಇಲ್ಲಿ ಬಂದು ಕೂತ್ರೆ, ಅವರ ಕಾಲಿಗೆ ತಗಲಲಿ.”