ಪಡಸಾಲೆಯ ಪೊಳ್ಳು ಕಲ್ಲು

ಮೊನ್ನೆ ಬೆಳಿಗ್ಗೆ ಪಡಸಾಲೆಯಲ್ಲಿ ನನ್ನ ಕೈಯಿಂದ ತಾಮ್ರದ ತಂಬಿಗೆ ಜಾರಿತು. ನೀರು ಚೆಲ್ಲಿದ್ದಕ್ಕೆ ಒಳಗಿನಿಂದ ಬರಬೇಕಾದ ಮಾತು ಬಂತು, ಅದಿರಲಿ. ತಂಬಿಗೆ ಮೊದಲು ಬಿದ್ದ ಕಲ್ಲು ಠಣ್ ಎಂದಿತು, ಪುಟಿದು ಬಿದ್ದ ಪಕ್ಕದ ಕಲ್ಲು ಬೊದ್ ಎಂದಿತು. ಹೊಸ್ತಿಲಿನಿಂದ ಮೂರನೆಯ ಸಾಲು, ಗೋಡೆಯ ಕಡೆಯಿಂದ ಎರಡನೆಯ ಕಲ್ಲು. ನೋಡದೆಯೇ ಹೇಳಬಲ್ಲೆ. ಇಪ್ಪತ್ತೆರಡು ವರ್ಷದಿಂದ ಅದು ಹಾಗೆಯೇ ಇದೆ, ತಪ್ಪು ನನ್ನದೇ.

ನಿಮ್ಮ ಮನೆಯಲ್ಲಿ ಟೈಲ್ಸ್ ಇರಬಹುದು. ನಮ್ಮ ಚಿತ್ತಾಪುರದ ಕಡೆ ಮನೆ ಕಟ್ಟಿದರೆ ನೆಲಕ್ಕೆ ಶಹಾಬಾದಿನ ಪರಸಿ ಕಲ್ಲು ಎಂಬುದು ಯಾರೂ ಕೇಳದೆ ಯಾರೂ ಹೇಳದೆ ನಡೆದುಬಂದ ಪದ್ಧತಿಯಾಗಿತ್ತು. ಬೇಸಿಗೆಯಲ್ಲಿ ಆ ಕಲ್ಲಿನ ಮೇಲೆ ಅಂಗಿ ಬಿಚ್ಚಿ ಬೆನ್ನು ಹಾಕಿ ಮಲಗಿದವನಿಗೆ ಬೇರೆ ಸುಖ ಬೇಕಾಗಿಲ್ಲ. ಆದರೆ ಒಂದು ಕಲ್ಲು ದಪ್ಪ, ಒಂದು ತೆಳ್ಳಗೆ. ಅಡಿಯಲ್ಲಿ ಸಿಮೆಂಟು ಉಸುಕಿನ ಮಾಲು ಎಲ್ಲಿ ಹೆಚ್ಚು ಹಾಕಬೇಕು, ಎಲ್ಲಿ ಕಡಿಮೆ ಎಂಬುದು ಕೂಡಿಸುವವನ ಕೈಗೆ ತಿಳಿಯಬೇಕು.

ನಮ್ಮ ಮನೆಯ ನೆಲ ಶಹಾಬಾದಿನ ಮಕ್ಬೂಲ್ ಮೇಸ್ತ್ರಿಯವರ ಕೈಯದು. ಚಿಂಚೋಳಿಯತನಕ ಅವರ ಹೆಸರು ಓಡುತ್ತಿತ್ತು. ಪ್ರತಿ ಕಲ್ಲನ್ನೂ ಕೂಡಿಸಿದ ಮೇಲೆ ಸುತ್ತಿಗೆಯ ಹಿಡಿಯಿಂದ ನಾಲ್ಕು ಮೂಲೆ, ನಡುವೆ ಒಂದು, ಹೀಗೆ ಐದು ಸಲ ಬಡಿದು ಕಿವಿಗೊಡುತ್ತಿದ್ದರು. ಪೊಳ್ಳು ಸದ್ದು ಬಂದರೆ ಕಿತ್ತು ಮತ್ತೆ ಕೂಡಿಸುವುದು. ಕೆಲಸದ ಕೊನೆಯ ದಿನ ಪಡಸಾಲೆಯ ಈ ಕಲ್ಲು ಬೊದ್ ಎಂದಿತು. ಮರುದಿನವೇ ಗೃಹಪ್ರವೇಶದ ವಾಸ್ತು, ಬೀಗರು ಆಗಲೇ ಬಂದು ಕೂತಿದ್ದಾರೆ, ನನಗೆ ಗಡಿಬಿಡಿ.

"ಇರಲಿ ಬಿಡ್ರಿ ಮೇಸ್ತ್ರಿ, ಯಾರಿಗೆ ಗೊತ್ತಾಗ್ತದ?" ಎಂದೆ.

"ನಿಮಗ ಗೊತ್ತಾಗ್ತದಲ್ರಿ ಸರ," ಎಂದರು. ನಾನು ಕೇಳಲಿಲ್ಲ. ಅವರು ಕೈ ತೊಳೆದುಕೊಂಡು, "ಹಂಗಾದ್ರ ಈ ಒಂದು ಕಲ್ಲು ನೀವು ಕೂಡಿಸಿದ್ದು. ಉಳಿದಾವು ನಾ ಕೂಡಿಸಿದ್ದು," ಎಂದು ನಕ್ಕು ಹೋದರು.

ಇರಲಿ ಬಿಡು ಎನ್ನುವುದು ಆಗ ನನ್ನ ಸ್ವಭಾವವೇ ಆಗಿತ್ತೆಂದು ಈಗ ಅನಿಸುತ್ತದೆ. ವಾಡಿಯ ಹೈಸ್ಕೂಲೊಂದರಲ್ಲಿ ನಾನು ಗಣಿತದ ಮಾಸ್ತರ. ನೌಕರಿಗೆ ಸೇರಿದ ವರ್ಷ ಬರೆದುಕೊಂಡ ನೋಟ್ಸಿಗೆ ವರ್ಷಕ್ಕೊಮ್ಮೆ ಹೊಸ ರಟ್ಟು ಹಾಕುತ್ತಿದ್ದೆನೇ ಹೊರತು ಒಳಗೆ ಒಂದಕ್ಷರ ಬದಲಾಗುತ್ತಿರಲಿಲ್ಲ. ವೃತ್ತದ ಪಾಠದಲ್ಲಿ ರೊಟ್ಟಿಯ ಮೇಲೊಂದು ಜೋಕು ಹೇಳುತ್ತಿದ್ದೆ. ಅಣ್ಣಂದಿರಿಂದ ಕೇಳಿ ಬಂದ ಮಕ್ಕಳು ನಾನು ಬಾಯಿ ತೆರೆಯುವ ಮೊದಲೇ ನಗುತ್ತಿದ್ದರು. ನಾನು ಅದನ್ನು ಜನಪ್ರಿಯತೆ ಎಂದುಕೊಂಡಿದ್ದೆ.

ಒಂಬತ್ತು ವರ್ಷ ಕಳೆಯಿತು. ಊರಿಗೆಲ್ಲ ಟೈಲ್ಸ್ ಬಂತು, ಕಲ್ಲು ಕೇಳುವವರು ಕಡಿಮೆಯಾದರು. ಒಂದು ಬೆಳಿಗ್ಗೆ ವಾಡಿ ಸ್ಟೇಷನ್ನಿನಲ್ಲಿ ಇಳಿದರೆ ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಮಕ್ಬೂಲ್ ಮೇಸ್ತ್ರಿ, ಕೈಯಲ್ಲಿ ಬುತ್ತಿ. ಸೇಡಂ ಕಡೆಯ ಗಾಡಿಗೆ ಕಾಯುತ್ತಿದ್ದರು. ಆಗಲೇ ಅವರಿಗೆ ಅರವತ್ತರ ಹತ್ತಿರ.

"ಎಲ್ಲಿಗಿ ಹೊಂಟೀರಿ ಮೇಸ್ತ್ರಿ?"

"ಸೇಡಂಕ್ಕರಿ. ಬಸಣ್ಣನ ಕೈಕೆಳಗ ಟೈಲ್ಸ್ ಕೆಲಸ ಕಲೀಲಿಕತ್ತೀನಿ."

ಬಸಣ್ಣನನ್ನು ನಾನು ಬಲ್ಲೆ. ನಮ್ಮ ಮನೆಗೆ ಮಾಲು ಕಲಸಿದವನು, ಇದೇ ಮೇಸ್ತ್ರಿಯ ಬಳಿ ಕರಣಿ ಹಿಡಿಯುವುದನ್ನು ಕಲಿತವನು. ಕೇಳಬಾರದಿತ್ತು, ಆದರೂ ಕೇಳಿದೆ: "ನಾಚಿಕಿ ಆಗಂಗಿಲ್ಲೇನ್ರಿ?"

"ಆಗ್ತದ್ರಿ. ಶಹಾಬಾದದಿಂದ ವಾಡಿತನ ನನ್ನ ಜೋಡಿನೇ ಬರ್ತದ. ಇಲ್ಲಿ ನಾ ಗಾಡಿ ಬದಲಿ ಮಾಡ್ತೀನಿ, ಅದು ಮಾಡಂಗಿಲ್ಲ," ಎಂದರು.

ಆ ಮಾತಿಗೆ ಮೆಚ್ಚಿ ನಾನು ಮಹಡಿಯ ಮೇಲೆ ಹೊಸದಾಗಿ ಕಟ್ಟಿಸಿದ ಕೋಣೆಯ ನೆಲವನ್ನು ಅವರಿಗೇ ಒಪ್ಪಿಸಿದೆ. ಅವರು ಒಬ್ಬರೇ ನಿಂತು ಮಾಡಿದ ಮೊದಲ ಟೈಲ್ಸ್ ಕೆಲಸ ಅದು. ನೋಡಲು ಬಲು ಚೆಂದ. ಎರಡು ಟೈಲ್ಸಿನ ನಡುವೆ ಉಗುರು ಹೋಗದ ಹಾಗೆ ಬಿಗಿಯಾಗಿ ಕೂಡಿಸಿದ್ದರು.

ಬೇಸಿಗೆ ಬಂತು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಿದ್ದದ್ದೇ. ಒಂದು ಮಧ್ಯಾಹ್ನ ಮೇಲಿನಿಂದ ಫಟ್ ಎಂದು ಸದ್ದು. ಹೋಗಿ ನೋಡಿದರೆ ಕೋಣೆಯ ನಡುವೆ ಟೈಲ್ಸುಗಳು ಒಂದನ್ನೊಂದು ದೂಡಿಕೊಂಡು ಗುಡಿಸಲಿನ ಮಾಡಿನಂತೆ ಎದ್ದು ನಿಂತಿವೆ.

ಇಲ್ಲಿ ನಿಮಗೊಂದು ಸಣ್ಣತನ ಒಪ್ಪಿಸಬೇಕು. ಅದನ್ನು ಕಂಡು ನನಗೆ ಒಳಗೊಳಗೇ ಸಮಾಧಾನವಾಯಿತು. ಆ ವರ್ಷ ನಮ್ಮ ಶಾಲೆಗೆ ಕಂಪ್ಯೂಟರ್ ಬಂದು, ಗೋಡೆಯ ಮೇಲೆ ಚಿತ್ರ ಬಿಟ್ಟು ರೇಖಾಗಣಿತ ಕಲಿಸಬೇಕೆಂದು ಹೇಳಿದ್ದರು. ನನಗೆ ಅದನ್ನು ಹಚ್ಚಲೂ ಬರುತ್ತಿರಲಿಲ್ಲ. ಕಲಿಸಿಕೊಡಬಲ್ಲವಳು ಸಾವಿತ್ರಿ ಟೀಚರ್ ಒಬ್ಬಳೇ. ಅವಳೋ ನನ್ನ ಹತ್ತಿರವೇ ಲೆಕ್ಕ ಕಲಿತು ನಮ್ಮ ಶಾಲೆಗೇ ಬಂದವಳು. ಅವಳ ಮುಂದೆ ಕೂತು ಕಲಿಯುವುದಕ್ಕಿಂತ ಮನೆಯಲ್ಲಿ ಕೂರುವುದು ಮೇಲು ಎಂದು, ನಾಲ್ಕು ವರ್ಷ ನೌಕರಿ ಉಳಿದಿರುವಾಗಲೇ ಸ್ವಯಂ ನಿವೃತ್ತಿಯ ಅರ್ಜಿ ಬರೆದು ಅದೇ ಹಳೆಯ ನೋಟ್ಸಿನೊಳಗೆ ಇಟ್ಟುಕೊಂಡಿದ್ದೆ. ನೋಡು, ಈ ವಯಸ್ಸಿಗೆ ಕಲಿತರೆ ಹೀಗೇ ಆಗುವುದು ಎಂದು ಎದ್ದು ನಿಂತ ಟೈಲ್ಸುಗಳು ನನ್ನ ಪರವಾಗಿ ಸಾಕ್ಷಿ ಹೇಳಿದಂತೆ ಕಂಡಿತು.

ಮೇಸ್ತ್ರಿ ಬಂದರು. ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತು ನೋಡಿದರು. ಮುಖ ಕಪ್ಪಿಟ್ಟಿತ್ತು. ಇನ್ನು ಇವರು ಕರಣಿ ಮುಟ್ಟುವುದಿಲ್ಲ ಎಂದುಕೊಂಡೆ.

"ಸರ, ಇದರಾಗಿಂದು ಒಂದು ಟೈಲ್ಸ್ ಒಯ್ಲೇನ್ರಿ?" ಎಂದರು. "ಬಸಣ್ಣಗ ತೋರಸ್ತೀನಿ."

ಮೂರನೆಯ ದಿನ ಮರಳಿ ಬಂದಾಗ ಅಂಗಿಯ ಜೇಬಿನ ತುಂಬ ಬೆರಳಿನ ಉಗುರಿನಷ್ಟು ಸಣ್ಣ, ಲೆಕ್ಕದ ಕೂಡುವ ಗುರುತಿನ ಆಕಾರದ ಪ್ಲಾಸ್ಟಿಕ್ ತುಂಡುಗಳು. ನೆಲವನ್ನೆಲ್ಲ ಕಿತ್ತು, ಟೈಲ್ಸ್ ಟೈಲ್ಸಿನ ನಡುವೆ ಒಂದೊಂದನ್ನು ಇಟ್ಟು ಸಂದು ಬಿಡುತ್ತ ಹೊಸದಾಗಿ ಕೂಡಿಸಿದರು.

"ಮೊದಲ ದಿನಾನೇ ಹೇಳಿದ್ದನ್ರಿ ಅಂವ, ಸಂದು ಬಿಡ್ರಿ, ಬಿಸಲಿಗಿ ಇದು ಹಿಗ್ತದ ಅಂತ. ನಾನೇ ಕೇಳಲಿಲ್ಲ. ಸಂದು ಕಾಣಬಾರದು ಅಂತ ನಲವತ್ತು ವರ್ಷ ಕಲ್ಲು ಕೂಡಿಸಿದ ಕೈರಿ ಇದು. ಹೊಸಾದು ಕಲಿಯೂದು ಭಾಳ ತ್ರಾಸಿಲ್ಲ ಸರ. ಹಳೇದಕ್ಕ ಸ್ವಲ್ಪ ಸರಕೋ ಅನ್ನೂದೇ ತ್ರಾಸು."

"ಬಸಣ್ಣ ಏನಂದ?"

"ನಕ್ಕ. ನಾನೂ ನಕ್ಕೆ. ಆಮ್ಯಾಲ ಕಲಿಸಿದ."

ಆ ಸೋಮವಾರ ಸಾವಿತ್ರಿ ಟೀಚರಿಗೆ, "ತಂಗಿ, ನನಗ ಆ ಕಂಪ್ಯೂಟರ್ ಹಚ್ಚಲಿಕ್ಕೆ ಬರಂಗಿಲ್ಲ," ಎಂದೆ. ಆ ಒಂದು ವಾಕ್ಯ ಹೇಳಲು ಚಿತ್ತಾಪುರದಿಂದ ವಾಡಿಯವರೆಗೂ ಗಾಡಿಯಲ್ಲಿ ಅಭ್ಯಾಸ ಮಾಡಿದ್ದೆ. ಅವಳು ಕುರ್ಚಿ ಎಳೆದು, "ಕುಂದ್ರಿ ಸರ, ಅದರಾಗೇನದ," ಎಂದಳು. ಮೊದಲ ವಾರ ನಾನು ಮುಟ್ಟಿದ್ದೆಲ್ಲ ಮಾಯವಾಗುತ್ತಿತ್ತು. ತ್ರಿಕೋನ ಎಳೆಯಲು ಹೋದರೆ ಪರದೆಯೇ ಕಪ್ಪಾಗುತ್ತಿತ್ತು, ಮಕ್ಕಳು ನಗುತ್ತಿದ್ದರು. ಈ ಸಲದ ನಗು ಹೊಸದು, ಹಳೆಯ ಜೋಕಿನದಲ್ಲ. ಉಳಿದ ನಾಲ್ಕು ವರ್ಷ ಪೂರ್ತಿ ಕೆಲಸ ಮಾಡಿದೆ. ಅಷ್ಟು ಸಂತೋಷದಿಂದ ನಾನು ಎಂದೂ ಶಾಲೆಗೆ ಹೋಗಿರಲಿಲ್ಲ. ಅಲ್ಲಿಯವರೆಗೆ ಕಾಡುತ್ತಿದ್ದ ತಲೆನೋವು ಯಾವಾಗ ಬಿಟ್ಟುಹೋಯಿತೋ ತಿಳಿಯಲಿಲ್ಲ. ಅರ್ಜಿಯ ಹಿಂಬದಿ ಕಚ್ಚಾ ಲೆಕ್ಕಕ್ಕೆ ಬಂತು.

ಮೊನ್ನೆ ತಂಬಿಗೆ ಬಿದ್ದ ಮೇಲೆ ಮಗಳು ಫೋನಿನಲ್ಲಿ, ಪಡಸಾಲೆಗೂ ಟೈಲ್ಸ್ ಹಾಕಿಸಿಬಿಡಪ್ಪಾ ಎಂದಳು. ನಾನು ಟೈಲ್ಸ್ ಬೇಡವೆಂದು, ಆ ಒಂದು ಕಲ್ಲನ್ನು ಕಿತ್ತು ಕೂಡಿಸಿಕೊಡಿ ಎಂದು ಮೇಸ್ತ್ರಿಯವರಿಗೆ ಫೋನು ಮಾಡಿದೆ.

"ನನ್ನ ಮೊಣಕಾಲು ಬಗ್ಗಂಗಿಲ್ರಿ ಸರ. ನಿಮ್ಮವು ಬಗ್ತಾವೇನು?" ಎಂದರು.

ಬಗ್ಗುತ್ತವೆ, ಸದ್ದು ಮಾಡಿಕೊಂಡು. ನಿನ್ನೆ ಅವರು ಬಂದು ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಹಾರೆಯಿಂದ ಕಲ್ಲನ್ನು ಮೀಟಿ ಎಬ್ಬಿಸಿ, ಅವರು ಹೇಳಿದಂತೆ ಮಾಲು ಕಲಸಿ, ಹರವಿ, ಕಲ್ಲು ಕೂಡಿಸಿದೆ. ನೆಲಕ್ಕಿಂತ ನನ್ನ ಧೋತರಕ್ಕೇ ಹೆಚ್ಚು ಸಿಮೆಂಟು ಸಂದಿತು. ಸುತ್ತಿಗೆಯ ಹಿಡಿಯಿಂದ ಬಡಿದೆ. ನಾಲ್ಕು ಮೂಲೆಯೂ ಠಣ್ ಎಂದವು. ನಡುವೆ ಬೊದ್.

ಕಿತ್ತು ಮತ್ತೆ ಕೂಡಿಸಿದೆ. ಈ ಸಲ ಒಂದು ಮೂಲೆ ಬೊದ್. ಊಟದ ಹೊತ್ತು ಮೀರಿತ್ತು. ಒಳಗಿನಿಂದ ಎರಡು ಸಲ ಕರೆ ಬಂದಿತ್ತು. ಬೆನ್ನು ಹಿಡಿದುಕೊಂಡು ತಲೆಯೆತ್ತಿ ಮೇಸ್ತ್ರಿಯವರ ಮುಖ ನೋಡಿದೆ.

ಅವರು ಗಡ್ಡ ನೀವಿಕೊಳ್ಳುತ್ತ, "ಇರಲಿ ಬಿಡ್ರಿ ಸರ, ಯಾರಿಗೆ ಗೊತ್ತಾಗ್ತದ?" ಎಂದರು.

ನಾನು ಹಾರೆ ಎತ್ತಿಕೊಂಡು ಕಲ್ಲಿನ ಅಡಿಗೆ ಕೊಟ್ಟೆ.