ನಾಲ್ಕು ದಿನಕ್ಕೆಂದು ಬಂದ ಕುದುರೆ

ನಮ್ಮಪ್ಪನಿಗೆ ಕನ್ನಡ, ಮರಾಠಿ, ಹಿಂದಿ, ಜೊತೆಗೆ ಕಚೇರಿಗೆ ಬೇಕಾದಷ್ಟು ಇಂಗ್ಲಿಷ್ ಬರುತ್ತಿತ್ತು. ಈ ನಾಲ್ಕರಲ್ಲಿ ಯಾವುದರಲ್ಲೂ ಅವರಿಗೆ ಬೇಡ ಎನ್ನಲು ಬರುತ್ತಿರಲಿಲ್ಲ. ಧಾರವಾಡದ ಕಡೆಯ ನಾವು ಇದಕ್ಕೆ ಭಿಡೆ ಎನ್ನುತ್ತೇವೆ. ಎದುರಿಗಿದ್ದವರ ಮುಖ ಸಣ್ಣದಾಗಬಾರದೆಂದು ತನ್ನ ಮನೆಮಂದಿಯನ್ನೆಲ್ಲ ಪೇಚಿಗೆ ಸಿಕ್ಕಿಸುವ ದೊಡ್ಡ ಗುಣ ಅದು. ಈ ಗುಣದಿಂದಾಗಿ ನಾಗಪುರದ ನಮ್ಮ ಎರಡು ಕೋಣೆಯ ರೈಲ್ವೆ ಕ್ವಾರ್ಟರಿಗೆ ಯಾರದೋ ಒಡಕು ಹಾರ್ಮೋನಿಯಂ ಬಂದಿತ್ತು. ಯಾರದೋ ಮದುವೆಯಲ್ಲಿ ಉಳಿದ ಪತ್ರಾವಳಿ ಕಟ್ಟುಗಳು ಬಂದಿದ್ದವು. ಊರಿನಿಂದ ನೌಕರಿ ಹುಡುಕಿಕೊಂಡು ಬಂದವನೊಬ್ಬ ಎಂಟು ತಿಂಗಳು ಉಂಡು, ನೌಕರಿ ಸಿಗದೆ, ಮೈ ತುಂಬಿಕೊಂಡು ಹೋಗಿದ್ದ. ಮಧ್ಯಪ್ರದೇಶದ ರಾಜಧಾನಿ ನಾಗಪುರದಿಂದ ಭೋಪಾಳಕ್ಕೆ ಎದ್ದು ಹೋದ ವರ್ಷ ಕುದುರೆ ಬಂತು. ಆಗ ನನಗೆ ಹದಿನೈದು.

ಕುದುರೆ ಸಿವಿಲ್ ಲೈನ್ಸಿನ ಒಬ್ಬ ದೊಡ್ಡ ಅಧಿಕಾರಿಯದು. ಅವರೂ ನಮ್ಮ ಕಡೆಯವರೇ, ಆದರೆ ಬಂಗಲೆಯಲ್ಲಿ ಇರುತ್ತಿದ್ದುದರಿಂದ ನಾವು ಅವರನ್ನು ಸಾಹೇಬರು ಎನ್ನುತ್ತಿದ್ದೆವು. ರವಿವಾರ ಅವರ ಇಸ್ಪೀಟಿಗೆ ಒಂದು ಕೈ ಕಡಿಮೆ ಬಿದ್ದರೆ ಅಪ್ಪನಿಗೆ ಕರೆ ಬರುತ್ತಿತ್ತು. ಅಪ್ಪ ಸೈಕಲ್ ಏರಿ ಹೋಗಿ, ಗೆಲ್ಲುವ ಎಲೆ ಕೈಯಲ್ಲಿದ್ದರೂ ಭಿಡೆಗೆ ಬಿದ್ದು ಸೋತು ಬರುತ್ತಿದ್ದರು. ಸಾಹೇಬರು ಮಗಳ ಸವಾರಿಗೆಂದು ಪೊಲೀಸರ ಒಂದು ಮುದಿ ಕುದುರೆಯನ್ನು ಲಿಲಾವಿನಲ್ಲಿ ಕೂಗಿ ಅಗ್ಗಕ್ಕೆ ಹಿಡಿದಿದ್ದರು. ಮಗಳು ಒಮ್ಮೆ ಹತ್ತಿದಳು, ಒಮ್ಮೆ ಬಿದ್ದಳು, ಅಲ್ಲಿಗೆ ಸವಾರಿ ಮುಗಿಯಿತು. ಕಚೇರಿಗಳೆಲ್ಲ ಭೋಪಾಳಕ್ಕೆ ಹೊರಟಾಗ ಸಾಹೇಬರು ಸೋಫಾ ಕಟ್ಟಿಸಿದರು, ಕಪಾಟು ಕಟ್ಟಿಸಿದರು. ಕುದುರೆಯನ್ನು ಗೋಣಿಯಲ್ಲಿ ಕಟ್ಟಲು ಬರುವುದಿಲ್ಲ.

“ನಾಲ್ಕು ದಿನ ನಿಮ್ಮಲ್ಲೇ ಇರ್ಲಿ ರೀ,” ಎಂದರಂತೆ ಅಪ್ಪನಿಗೆ. “ಅಲ್ಲೆ ಮನಿ ಸಿಕ್ಕ ಕೂಡ್ಲೆ ಮನಶ್ಯಾನ್ನ ಕಳಸ್ತೀನಿ.”

ಅಪ್ಪ ಒಂದು ಕೈಯಲ್ಲಿ ಸೈಕಲ್, ಇನ್ನೊಂದರಲ್ಲಿ ಕುದುರೆ ಹಿಡಿದುಕೊಂಡು ಅಷ್ಟು ದೂರ ನಡೆದು ಬಂದರು. ಅವ್ವ ಬಾಗಿಲಲ್ಲಿ ನಿಂತು ಮೊದಲು ಕುದುರೆಯನ್ನು, ಆಮೇಲೆ ಗಂಡನನ್ನು ನೋಡಿದಳು.

“ಮನ್ಯಾಗ ಮಂದಿಗೇ ಜಾಗಾ ಇಲ್ಲ. ಇದನ್ನ ಎಲ್ಲಿ ಮಲಗಸ್ತೀರಿ, ನಿಮ್ಮ ಮಗ್ಗಲಕ್ಕೇನು?”

“ನಾಲ್ಕು ದಿನ ಅಷ್ಟ,” ಎಂದರು ಅಪ್ಪ, ಕುದುರೆಯ ಮರೆಯಲ್ಲಿ ನಿಂತು.

ನಾಲ್ಕು ದಿನ ಹೋಗಿ ನಾಲ್ಕು ವಾರವಾಯಿತು. ಭೋಪಾಳದಿಂದ ಮನುಷ್ಯ ಬರಲಿಲ್ಲ, ಕಾಗದವೂ ಬರಲಿಲ್ಲ. ಕುದುರೆ ಹಿತ್ತಲಿನ ಬೇವಿನ ಮರದ ಕೆಳಗೆ ನಿಂತು ಜೋಳದ ಕಣಿಕೆಯನ್ನೂ ಕಡಲೆಯನ್ನೂ ಶಿಸ್ತಿನಿಂದ ತಿನ್ನುತ್ತಿತ್ತು. ಅವ್ವ ದಿನಾ ಅಪ್ಪನಿಗೆ ಕಾಗದ ಬರೆಯಲು ಹೇಳಿದಳು. ಅಪ್ಪ ಬರೆದರು. ಕದ್ದು ಓದಿದವನು ನಾನು. ಎರಡು ಪುಟ ತುಂಬ ಭೋಪಾಳದ ಹವೆ ಒಗ್ಗಿತೇ, ಬಾಯಿಸಾಹೇಬರ ಕೀಲುನೋವು ಹೇಗಿದೆ, ಮಗಳ ಶಾಲೆ ಹೇಗಿದೆ ಎಂದೆಲ್ಲ ಇತ್ತು. ಕುದುರೆಯ ವಿಷಯ ಕೊನೆಗೆ ಒಂದು ಸಾಲು: ‘ತಮ್ಮ ಕುದುರೆ ಆನಂದವಾಗಿದೆ, ಕಾಳಜಿ ಬೇಡ.’

ಕಾಳಜಿ ಮಾಡುತ್ತಿದ್ದವಳು ಅವ್ವ. “ಇನ್ನ ಮ್ಯಾಲ ಅದರ ಹೊಟ್ಟಿ ಅದಽ ನೋಡ್ಕೋಬೇಕು,” ಎಂದು ಒಂದು ದಿನ ಸಾರಿಬಿಟ್ಟಳು.

ಆ ಮಾತಿನಿಂದ ನನ್ನ ಧಂದೆ ಹುಟ್ಟಿತು. ಕ್ವಾರ್ಟರುಗಳ ನಡುವೆ ಮೈದಾನ, ಮೈದಾನದ ನಡುವೆ ನೀರಿನ ಟಾಕಿ. ಟಾಕಿಗೆ ಒಂದು ಸುತ್ತು ಹಾಕಿಸಿದರೆ ಒಂದಾಣೆ. ಸ್ಟೇಷನ್ನಿನ ಎದುರು ನಿಲ್ಲುತ್ತಿದ್ದ ಮುದುಕ ಟಾಂಗಾವಾಲಾ ಹಳೆಯ ಲಗಾಮೊಂದನ್ನು ಕೊಟ್ಟು, ಗೊರಸು ಎತ್ತಿ ಸ್ವಚ್ಛ ಮಾಡುವುದನ್ನೂ ತೋರಿಸಿದ. ತಡಿಯ ಬದಲು ಅವ್ವನ ಹಳೆಯ ಕೌದಿ ಹಾಸಿದೆ. ಮೊದಲ ಸಂಜೆಯೇ ಹದಿನೆಂಟು ಹುಡುಗರು ಬಂದು ಸಾಲಾಗಿ ನಿಂತರು. ನಾನು ಎದೆ ಉಬ್ಬಿಸಿಕೊಂಡು ಕುದುರೆಯನ್ನು ಅವರ ಮುಂದೆ ತಂದೆ.

ಕುದುರೆ ಸಾಲನ್ನು ನೋಡಿತು. ಕಿವಿ ನೆಟ್ಟಗಾದವು. ನಿಧಾನವಾಗಿ ಅಡ್ಡ ತಿರುಗಿ, ಪಕ್ಕೆಯನ್ನು ಹುಡುಗರಿಗೆ ಕೊಟ್ಟು, ಒಂದೊಂದೇ ಹೆಜ್ಜೆ ಮಗ್ಗುಲಿಗೆ ಇಡುತ್ತ ಹದಿನೆಂಟು ಗಿರಾಕಿಗಳನ್ನೂ ಹಿಂದಕ್ಕೆ ನೂಕಿಕೊಂಡು ಹೋಗಿ ಕಂಪೌಂಡ್ ಗೋಡೆಗೆ ಹಚ್ಚಿತು. ಕಚ್ಚಲಿಲ್ಲ, ಒದೆಯಲಿಲ್ಲ, ಕೆನೆಯಲೂ ಇಲ್ಲ. ಹುಡುಗರು ಗೋಡೆ ಹಾರಿ ಓಡಿದ ಮೇಲೆ ನನ್ನ ಕಡೆ ತಿರುಗಿ ಕಡಲೆಗಾಗಿ ನಿಂತಿತು.

ಟಾಂಗಾವಾಲಾನಿಗೆ ಹೇಳಿದರೆ ಬೀಡಿ ಬಾಯಿಂದ ತೆಗೆದು ನಕ್ಕ. “ಅರೇ ಬಾಬು, ಪೋಲೀಸ್ ಕಾ ಘೋಡಾ ಹೈ. ಮೋರ್ಚಾ ಸಮಝಾ ಹೋಗಾ.”

ಜೀವಮಾನವಿಡೀ ಮೋರ್ಚಾಗಳನ್ನು, ಘೋಷಣೆ ಕೂಗುವ ಗುಂಪುಗಳನ್ನು ಚದುರಿಸಿದ ಪ್ರಾಣಿ, ಹುಡುಗರ ಸಾಲನ್ನೂ ಅಂಥದೇ ಎಂದುಕೊಂಡಿತ್ತು. ನಾಲ್ಕು ಜನ ಸೇರಿದ್ದು ಕಂಡರೆ ಅದಕ್ಕೆ ಕರ್ತವ್ಯ ನೆನಪಾಗುತ್ತಿತ್ತು. ಒಬ್ಬನೇ ಇದ್ದರೆ ಮಗುವನ್ನು ಬೆನ್ನ ಮೇಲೆ ಕೂರಿಸಿಕೊಂಡು ಹಸುವಿಗಿಂತ ಸಾಧುವಾಗಿ ನಡೆಯುತ್ತಿತ್ತು. ಹೀಗಾಗಿ ಗಿರಾಕಿಗಳು ಹೆಚ್ಚಿದಷ್ಟೂ ಧಂದೆ ಮುಳುಗುವ ವಿಚಿತ್ರ ವ್ಯಾಪಾರ ನನ್ನದಾಯಿತು. ಕೊನೆಗೆ ಮೈದಾನದ ಸುತ್ತ ಒಂದೊಂದು ಮರಕ್ಕೆ ಒಬ್ಬೊಬ್ಬರಂತೆ ಹುಡುಗರನ್ನು ಕೂರಿಸಿದೆ. ಪಾಳಿ ಬಂದವನು ಒಬ್ಬನೇ ಎದ್ದು ಬರಬೇಕು, ಯಾರೂ ಯಾರ ಜೊತೆಗೂ ನಿಲ್ಲಕೂಡದು. ಗಲಾಟೆಯಾದಾಗ ಸರ್ಕಾರ ಹೊರಡಿಸುವ ಆಜ್ಞೆ ನಮ್ಮ ಮೈದಾನದಲ್ಲಿ ಆ ಚಳಿಗಾಲವಿಡೀ ಜಾರಿಯಲ್ಲಿತ್ತು. ಹುಡುಗರು ಅದನ್ನು ದೊಡ್ಡವರಿಗಿಂತ ಚೆನ್ನಾಗಿ ಪಾಲಿಸಿದರು.

ಕುದುರೆ ತನ್ನ ಕಣಿಕೆ, ಕಡಲೆ ತಾನೇ ದುಡಿಯತೊಡಗಿತು. ನನಗೂ ಒಂದು ಲಾಭವಾಯಿತು. ಶಾಲೆಯಲ್ಲಿ ಅಲ್ಲಿಯವರೆಗೆ ನಾನು ‘ಮದ್ರಾಸಿ’. ಧಾರವಾಡ ಎಲ್ಲಿ, ಮದ್ರಾಸ್ ಎಲ್ಲಿ ಎಂದು ನಕಾಶೆ ತೋರಿಸಿದರೂ ಮರಾಠಿ ಹುಡುಗರು ಬಿಡುತ್ತಿರಲಿಲ್ಲ. ಈಗ ನಾನು ‘ಘೋಡೇವಾಲಾ’. ತಮ್ಮಂದಿರಿಗೆ ಒಂದು ಸುತ್ತು ಹೆಚ್ಚಿಗೆ ಸಿಗಲೆಂದು ದೊಡ್ಡ ಹುಡುಗರು ನನ್ನ ಗಣಿತ ಬರೆದುಕೊಡುತ್ತಿದ್ದರು. ಅದೆಲ್ಲ ಇರಲಿ. ಆ ಕುದುರೆಯ ಮೇಲೆ ನನಗೆ ಜೀವವೇ ಇತ್ತು. ಶಾಲೆ ಬಿಟ್ಟು ಬಂದವನು ಅದರ ಕುತ್ತಿಗೆಗೆ ಹಣೆ ಹಚ್ಚಿ ನಿಂತರೆ ಬಿಸಿ ಉಸಿರು ಅಂಗಿಯೊಳಗೆ ಇಳಿಯುತ್ತಿತ್ತು, ಆ ದಿನ ತಿಂದ ಬೈಗುಳವೆಲ್ಲ ಮರೆತುಹೋಗುತ್ತಿತ್ತು. ಮನೆಯಲ್ಲಿ ಇದನ್ನು ಹೇಳುವಂತಿರಲಿಲ್ಲ, ಹದಿನೈದರ ಹುಡುಗನಿಗೆ ಮಾನ ಮುಖ್ಯ.

ಸಂಕ್ರಾಂತಿ ಕಳೆದ ಮೇಲೆ ಅವ್ವ ಮರಾಠಿ ಹೆಂಗಸರ ಪದ್ಧತಿಯಂತೆ ತಾನೂ ಹಳದಿ-ಕುಂಕುಮಕ್ಕೆ ಕರೆದಳು. ಒಳಗೆ ಜಾಗ ಸಾಲದೆ ಹಿತ್ತಲಲ್ಲಿ ಜಮಖಾನೆ ಹಾಸಿದ್ದಳು. ಕುದುರೆಯನ್ನು ಕಟ್ಟಿದ ಗಂಟು ನನ್ನದು, ತಪ್ಪೂ ನನ್ನದೇ. ಹದಿನಾಲ್ಕು ಹೆಂಗಸರು ಒಟ್ಟಿಗೆ ಎದ್ದು ಅರಿಸಿನ ಹಚ್ಚಿಕೊಳ್ಳುವಾಗ ಕುದುರೆ ಹಗ್ಗ ಬಿಚ್ಚಿಕೊಂಡು ಬಂದು ಸಭೆಯನ್ನು ಬರಖಾಸ್ತು ಮಾಡಿತು. ಹದಿಮೂರು ಜನ ಅಡುಗೆಮನೆ ಸೇರಿದರು. ಎದುರು ಕ್ವಾರ್ಟರಿನವಳೊಬ್ಬಳು ನಲ್ಲಿಯ ಕಟ್ಟೆಗೂ ಕುದುರೆಯ ಹೊಟ್ಟೆಗೂ ನಡುವೆ ಸಿಕ್ಕಿಕೊಂಡು, ನಾನು ಬಂದು ಬಿಡಿಸುವವರೆಗೆ ದೇವರ ಹೆಸರು ಹೇಳುತ್ತ ನಿಂತಿದ್ದಳು.

ಅವತ್ತು ಕುದುರೆಯ ಕಥೆ ಮುಗಿಯಿತು ಎಂದುಕೊಂಡೆ. ಆದರೆ ನಲ್ಲಿಯ ಹತ್ತಿರ ಸಿಕ್ಕಿಬಿದ್ದವಳು ಅವ್ವನ ಜೋಳದ ರೊಟ್ಟಿಯನ್ನು ‘ಮದ್ರಾಸಿ ಪದಾರ್ಥ’ ಎಂದು ಊರೆಲ್ಲ ಆಡಿಕೊಂಡವಳು. ಎಲ್ಲರೂ ಹೋದ ಮೇಲೆ ಅವ್ವ ಉಳಿದ ಎಳ್ಳುಂಡೆಗಳನ್ನು ತಟ್ಟೆಯಲ್ಲಿ ತಂದು ಕುದುರೆಯ ಮುಂದೆ ಹಿಡಿದಳು. “ತಿನ್ನಪಾ,” ಎಂದಳು. ನನ್ನನ್ನು ಯಾವತ್ತೂ ಅಷ್ಟು ಪ್ರೀತಿಯಿಂದ ಕರೆದವಳಲ್ಲ.

ಬೇಸಿಗೆಯ ಹೊತ್ತಿಗೆ, ಮಕ್ಕಳು ಆಣೆಯ ಬದಲು ಸರ್ಕಾರ ಹೊಸದಾಗಿ ತಂದ ನಯೇ ಪೈಸೆ ತರತೊಡಗಿದಾಗ, ಭೋಪಾಳದಿಂದ ಕಾರ್ಡು ಬಂತು. ಸಾಹೇಬರು ಬರುವ ರವಿವಾರ ನಾಗಪುರಕ್ಕೆ ಬರುತ್ತಾರೆ. ಕಾಮಠಿಯ ಕಡೆ ಇಟ್ಟಿಗೆ ಭಟ್ಟಿ ನಡೆಸುವ ಅವರ ಪರಿಚಯದವನಿಗೆ ಗಾಡಿಗೆ ಕುದುರೆ ಬೇಕಾಗಿದೆ, ಅವನಿಗೆ ಕೊಡುತ್ತಾರೆ. ನಮಗೆ ಇಷ್ಟು ದಿನ ತೊಂದರೆಯಾಯಿತು ಎಂದು ಬೇರೆ ಬರೆದಿದ್ದರು.

ಅವ್ವ ಕಾರ್ಡನ್ನು ಎರಡು ಸಲ ಓದಿಸಿ ಕೇಳಿದಳು. “ಮುದಿ ಕುದುರಿ ಕಡೆ ಇಟ್ಟಂಗಿ ಎಳಸ್ತಾರೇನು? ಒಂದು ಮಳಿಗಾಲ ತಡ್ಯೂದಿಲ್ಲ ಅದು. ಇದೊಂದು ಸಲ ಬ್ಯಾಡ ಅನ್ರಿ. ಬೇಕಾದ್ರ ರೊಕ್ಕಾ ಕೊಟ್ಟ ತಗೋಳೂಣು.”

ಅಪ್ಪ ತಲೆಯಾಡಿಸಿದರು. ಮಾರನೆಯ ದಿನದಿಂದ ಬಚ್ಚಲಮನೆಯಲ್ಲಿ ಅಭ್ಯಾಸ ಶುರುವಾಯಿತು. ನೀರು ಸುರಿದುಕೊಳ್ಳುತ್ತ, “ಸಾಹೇಬ್ರ, ಕುದುರಿ ಕೊಡಾಕ ಆಗೂದಿಲ್ಲ” ಎನ್ನುವರು. ಇನ್ನೊಂದು ತಂಬಿಗೆ ಸುರಿದು, “ಸಾಹೇಬ್ರ, ಸಿಟ್ಟ ಮಾಡ್ಕೋಬ್ಯಾಡ್ರಿ, ಕುದುರಿ...” ಎಂದು ಮೆತ್ತಗಾಗುವರು. ನಾನು ಬಾಗಿಲ ಹೊರಗೆ ನಿಂತು ನಗುತ್ತಿದ್ದೆ. ಈ ಮನುಷ್ಯನಿಂದ ಇದು ಆಗುವ ಮಾತಲ್ಲ ಎಂದು ನನಗೆ ಗೊತ್ತಿತ್ತು. ಹೇಳಬೇಕಾದ್ದನ್ನು ನಾನೇ ಹೇಳುತ್ತೇನೆ ಎಂದು ಅವ್ವನ ಮುಂದೆ ಜಂಬ ಕೊಚ್ಚಿದೆ.

ರವಿವಾರ ಸಂಜೆ ಕಾರು ನೇರ ಮೈದಾನಕ್ಕೇ ಬಂತು. ಐದು ವರ್ಷದ ಹುಡುಗಿಯೊಬ್ಬಳನ್ನು ಕೂರಿಸಿಕೊಂಡು ನಾನು ಟಾಕಿ ಸುತ್ತುತ್ತಿದ್ದೆ. ಸಾಹೇಬರು ಇಳಿದರು, ಭಟ್ಟಿಯವನೂ ಇಳಿದ. ಅಪ್ಪ ಮನೆಯಿಂದ ಬಹುತೇಕ ಓಡುತ್ತ ಬಂದರು. ಅವರ ಕಿವಿಗಳು ಕೆಂಪಾಗಿದ್ದವು, ಆದರೆ ಕೈ ಮುಗಿದು ಬಾಗಿರಲಿಲ್ಲ. ಅದನ್ನು ನಾನು ಗಮನಿಸಿದೆ.

“ಬರೋಬರ್ ಇಟ್ಟೀರಿ ರೀ ಕುದುರಿ,” ಎಂದರು ಸಾಹೇಬರು.

“ಸಾಹೇಬ್ರ, ಒಂದು ಮಾತು,” ಎಂದರು ಅಪ್ಪ. ಒಂದು ಹೆಜ್ಜೆ ಮುಂದೆ ಇಟ್ಟರು. “ಈ ಕುದುರಿ...”

ಸಾಹೇಬರು ಕೇಳಿಸಿಕೊಂಡರೋ ಇಲ್ಲವೋ, ನನ್ನ ಕಡೆ ತಿರುಗಿ, ನಗುತ್ತ, ಸುಮ್ಮನೆ ಅಂಗೈ ಚಾಚಿದರು. ಒಳ್ಳೆಯ ನಗು. ಬಿಳಿಯ ಅಂಗಿ. ಅಷ್ಟು ದೊಡ್ಡ ಮನುಷ್ಯ ಕೈ ಚಾಚಿ ನಿಂತಿದ್ದಾರೆ, ಎಷ್ಟು ಹೊತ್ತೆಂದು ನಿಲ್ಲಿಸುವುದು ಎನ್ನಿಸಿತು ನನಗೆ. ಹುಡುಗಿಯನ್ನು ಕೆಳಗಿಳಿಸಿದೆ. ಲಗಾಮಿನ ಬೆವರನ್ನು ನನ್ನ ಅಂಗಿಗೆ ಒರೆಸಿದೆ. ಅದನ್ನು ಅವರ ಕೈಯಲ್ಲಿಟ್ಟೆ.

“ತಗೋರಿ ಸಾಹೇಬ್ರ, ನಿಮ್ಮದಽ ಅಲ್ಲೇನ್ರಿ,” ಎಂದೆ. ನಕ್ಕೆ ಕೂಡ.

ಅಪ್ಪನ ಬಾಯಿ ಇನ್ನೂ ತೆರೆದಿತ್ತು. ಅದನ್ನು ಅವರು ನಿಧಾನವಾಗಿ ಮುಚ್ಚಿದರು. ಸಾಹೇಬರು ಲಗಾಮನ್ನು ಭಟ್ಟಿಯವನಿಗೆ ದಾಟಿಸಿದರು, ನನ್ನ ಬೆನ್ನು ತಟ್ಟಿದರು, ಕಾರು ಹತ್ತಿದರು. ಭಟ್ಟಿಯವನು ಕುದುರೆಯನ್ನು ಗೇಟಿನಿಂದ ಹೊರಗೆ ನಡೆಸಿಕೊಂಡು ಹೋದ. ಅದು ತಕರಾರಿಲ್ಲದೆ ಹೋಯಿತು. ನಾವಿಬ್ಬರೂ ಮನೆಯ ಕಡೆ ನಡೆದೆವು.

ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ನಮ್ಮ ಹಿಂದೆ ಯಾರೂ ಇಲ್ಲದ್ದನ್ನು ನೋಡಿದಳು.

“ಕುದುರಿ ಎಲ್ಲಿ? ಯಾರು ಕೊಟ್ಟವರು?”

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದರು: “ನಾನಽ ಕೊಟ್ಟೆ. ಭಿಡೆ ಆತು.”

ಅವ್ವ ಅತ್ತಳು. ಆಮೇಲೆ ಬೈಯತೊಡಗಿದಳು. ಆ ರಾತ್ರಿ ಬೈದಳು, ಮಳೆಗಾಲ ಬಂದಾಗ ಬೈದಳು, ವರ್ಷಗಟ್ಟಲೆ ಆದ ಮೇಲೂ ಮನೆಗೆ ಬಂದವರ ಎದುರು, ಇವರ ಭಿಡೆಗೆ ಒಂದು ಬಡಪ್ರಾಣಿ ಹೋಯಿತು ಎಂದು ಆಡಿದಳು. ಅಪ್ಪ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದರು. ನಾನು ಪಕ್ಕದಲ್ಲೇ ಕುಳಿತು ರೊಟ್ಟಿ ತಿನ್ನುತ್ತಿದ್ದೆ. ಕೊಟ್ಟವನು ನಾನು ಎಂದು ಅವ್ವನಿಗೆ ಅವಳು ಸಾಯುವವರೆಗೂ ಹೇಳಲಿಲ್ಲ.